ಲಿವರ್‌ಪೂಲ್‌ನ 4-3-3: ಇಬ್ಬರೂ ಫುಲ್‌ಬ್ಯಾಕ್ ಮೇಲೆ ಹೋದರೆ ಹಿಂದೆ ಯಾರು?

ಎಡಬದಿ_ಬ್ಯಾಕ್:
ಕೋಚ್ ಕ್ಲಾಪ್ ಕಾಲದ ಲಿವರ್‌ಪೂಲ್ (ಇಂಗ್ಲೆಂಡ್‌ನ ಫುಟ್‌ಬಾಲ್ ಕ್ಲಬ್) ಮ್ಯಾಚುಗಳನ್ನು ಮತ್ತೆ ಹಾಕಿಕೊಂಡು ನೋಡುತ್ತಿದ್ದೇನೆ, ಅದರಲ್ಲೂ 2018-19ರವು. ಒಂದು ವಿಷಯ ತಲೆಗೆ ಹೋಗುತ್ತಿಲ್ಲ. 4-3-3 ಅಂದರೆ ಹಿಂದೆ ನಾಲ್ವರು, ಮಧ್ಯೆ ಮೂವರು, ಮುಂದೆ ಮೂವರು; ಹೆಸರಿಗೆ ನಾಲ್ವರು ಡಿಫೆಂಡರ್‌ಗಳು. ಆದರೆ ಆ ಸೀಸನ್ ಲೀಗ್‌ನಲ್ಲಿ ಬಲಬದಿ ಫುಲ್‌ಬ್ಯಾಕ್ (ಅಂಚಿನ ಡಿಫೆಂಡರ್) ಟ್ರೆಂಟ್‌ದು 12 ಅಸಿಸ್ಟ್ (ಗೋಲಾಗುವ ಪಾಸ್), ಎಡಬದಿಯ ರಾಬರ್ಟ್‌ಸನ್‌ದು 11. ಇಬ್ಬರೂ ಒಟ್ಟಿಗೆ ಮೇಲೆ ಹೋದಾಗ ಚೆಂಡು ಕಳೆದುಕೊಂಡರೆ ಎರಡೂ ಬದಿ ಖಾಲಿ ಅಲ್ವಾ? ಆದರೂ 38 ಮ್ಯಾಚಲ್ಲಿ ಬಿಟ್ಟುಕೊಟ್ಟಿದ್ದು ಬರೀ 22 ಗೋಲು. ಹೇಗೆ ಇದು? ನಾನೂ ಭಾನುವಾರ ಲೆಫ್ಟ್ ಬ್ಯಾಕ್ ಆಡುತ್ತೇನೆ. ನಮ್ಮ ಕ್ಯಾಪ್ಟನ್‌ಗೆ ಈಗ ಇದೇ ಆಟ ಬೇಕಂತೆ, ಅದಕ್ಕೇ ಕೇಳಿದೆ.

ನಡುಗೆರೆ:
ಫುಲ್‌ಬ್ಯಾಕ್‌ಗಳನ್ನು ಬಿಡಿ, ಮಧ್ಯದ ಮೂವರನ್ನು ನೋಡಿ. ಹೆಂಡರ್ಸನ್, ಫಾಬಿನ್ಯೊ, ವೈನಾಲ್ಡಮ್. ತುಂಬಾ ಜನ ಆಗ "ಈ ಮಿಡ್‌ಫೀಲ್ಡ್‌ನಲ್ಲಿ ಕ್ರಿಯೇಟಿವಿಟಿ ಇಲ್ಲ" ಅಂತ ಬೈಯುತ್ತಿದ್ದರು. ಇರಬಾರದು ಅಂತಲೇ ಹಾಗಿದ್ದದ್ದು! ಹಾಲೆಂಡ್‌ಗೆ ಆಡುವಾಗ ಬಾಕ್ಸ್‌ಗೆ ನುಗ್ಗಿ ಗೋಲು ಹೊಡೆಯುತ್ತಿದ್ದ ಅದೇ ವೈನಾಲ್ಡಮ್ ಇಲ್ಲಿ ಸುಮ್ನೆ ಹಿಂದೆ ನಿಂತು ಜಾಗ ಕಾಯುತ್ತಿದ್ದ. ಟ್ರೆಂಟ್ ಮೇಲೆ ಹೋದ ಅಂದರೆ ಹೆಂಡರ್ಸನ್ ಬಲಕ್ಕೆ ಸರಿದು ಅವನ ಜಾಗ ಮುಚ್ಚುತ್ತಿದ್ದ, ಫಾಬಿನ್ಯೊ ಇಬ್ಬರು ಸೆಂಟರ್ ಬ್ಯಾಕ್‌ಗಳ (ನಡುವಿನ ಡಿಫೆಂಡರ್‌ಗಳ) ಮುಂದೆ. ಅಂದರೆ ಐವರು ದಾಳಿಗೆ, ಐವರು ಕಾವಲಿಗೆ. 4-3-3 ಅನ್ನೋದು ಕಿಕ್‌ಆಫ್‌ನಲ್ಲಿ ನಿಲ್ಲೋ ಜಾಗ ಅಷ್ಟೇ.

ಇನ್ನು ಮುಂದಿನ ಮೂವರು. ಫಿರ್ಮಿನೊ ಒಂಬತ್ತರ, ಅಂದರೆ ನಡುವಿನ ಸ್ಟ್ರೈಕರ್‌ನ, ಜಾಗ ಬಿಟ್ಟು ಕೆಳಗೆ ಇಳಿಯುತ್ತಾನೆ, ಸಲಾಹ್, ಮಾನೆ ಅಂಚಿನಿಂದ ಒಳಗೆ ನುಗ್ಗುತ್ತಾರೆ. ಎದುರಾಳಿ ಫುಲ್‌ಬ್ಯಾಕ್ ಅವರ ಹಿಂದೆ ಒಳಗೆ ಬಂದರೆ ಗೆರೆ ಪಕ್ಕ ಖಾಲಿ, ಬರದಿದ್ದರೆ ಸಲಾಹ್ ಗೋಲ್‌ಕೀಪರ್ ಎದುರಿಗೆ ಒಬ್ಬನೇ. ಆ ಸೀಸನ್ ಲೀಗ್‌ನಲ್ಲಿ ಸಲಾಹ್, ಮಾನೆ ಇಬ್ಬರೂ ತಲಾ 22 ಗೋಲು ಹೊಡೆದರು, "ಸ್ಟ್ರೈಕರ್" ಫಿರ್ಮಿನೊ 12.

ಗೋಲುಗಾರ:
ಒಂದು ಗೋಲು ನೋಡಿ ಸಾಕು. 2019ರ ನವೆಂಬರ್, ಲಿವರ್‌ಪೂಲ್‌ನ ಮೈದಾನ ಆನ್‌ಫೀಲ್ಡ್, ಮ್ಯಾಂಚೆಸ್ಟರ್ ಸಿಟಿ ಮೇಲೆ ಎರಡನೇ ಗೋಲು. ಟ್ರೆಂಟ್ ಬಲಬದಿಯಿಂದ ಎಡಗಾಲಲ್ಲಿ, ಹೌದು ಎಡಗಾಲಲ್ಲೇ, ಮೈದಾನದ ಆ ತುದಿಗೆ ಉದ್ದ ಪಾಸ್ ಕೊಡುತ್ತಾನೆ. ಅಲ್ಲಿ ರಾಬರ್ಟ್‌ಸನ್. ಅವನ ಕ್ರಾಸ್‌ಗೆ ಸಲಾಹ್ ಹೆಡರ್. ಸಿಟಿಯವರು ಬಲಕ್ಕೆ ಸರಿಯೋದಾ ಎಡಕ್ಕೆ ಸರಿಯೋದಾ ಅಂತ ನೋಡುವಷ್ಟರಲ್ಲಿ ಚೆಂಡು ಬಲೆಯಲ್ಲಿ. ಒಬ್ಬ ಫುಲ್‌ಬ್ಯಾಕ್ ಮಾತ್ರ ಮೇಲೆ ಹೋಗಿದ್ದರೆ ಈ ಗೋಲು ಆಗುತ್ತಲೇ ಇರಲಿಲ್ಲ.

ಹಳೇ_ಸ್ಟಾಪರ್:
ಎಲ್ಲರೂ ಬರೀ ಹೊಗಳುತ್ತಿದ್ದೀರಿ, ಸ್ವಲ್ಪ ಖಾರ ಹಾಕುತ್ತೇನೆ. ಇದೆಲ್ಲ ನಡೆದಿದ್ದು ಹಿಂದೆ ವ್ಯಾನ್ ಡೈಕ್, ಗೋಲಲ್ಲಿ ಅಲಿಸನ್ ಇದ್ದಿದ್ದಕ್ಕೆ. 2020ರ ಅಕ್ಟೋಬರ್‌ನಲ್ಲಿ ಎವರ್ಟನ್ ಮೇಲೆ ಆಡುವಾಗ ವ್ಯಾನ್ ಡೈಕ್ ಮೊಣಕಾಲಿಗೆ ಪೆಟ್ಟಾಯಿತು, ಆ ಸೀಸನ್ ಪೂರ್ತಿ ಹೋಯಿತು. ಸೆಂಟರ್ ಬ್ಯಾಕ್ ಕೊರತೆ ಅಂತ ಹೆಂಡರ್ಸನ್, ಫಾಬಿನ್ಯೊ ಹಿಂದೆ ಹೋದರು. ಕಾವಲಿದ್ದ ಮಿಡ್‌ಫೀಲ್ಡೇ ಮಾಯ. ಆಮೇಲೆ 2021ರ ಏಪ್ರಿಲ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ, ರಿಯಲ್ ಮ್ಯಾಡ್ರಿಡ್ ಮೇಲೆ ಏನಾಯಿತು? ಅವರ ಕ್ರೂಸ್ ತನ್ನ ಅರ್ಧದಿಂದಲೇ ಒಂದು ಉದ್ದ ಚೆಂಡು ಎತ್ತಿ ಹಾಕಿದ, ವಿನೀಸಿಯಸ್ ಎದೆಯಲ್ಲಿ ಇಳಿಸಿಕೊಂಡು ಗೋಲು. ಲಿವರ್‌ಪೂಲ್ ಸೋತಿದ್ದು 3-1. ನೀವು ಹೇಳಿದ ಖಾಲಿ ಜಾಗ ಅದೇ, ಕ್ರೂಸ್‌ಗೆ ಪಾಸ್ ಹಾಕಲು ಸಮಯ ಕೊಟ್ಟರೆ ಮುಗೀತು.

ನಡುಗೆರೆ:
ಅದನ್ನೇ ಹೇಳುತ್ತಿರೋದು ಸಾರ್, ಸಮಯ ಕೊಡಬಾರದು. ಚೆಂಡು ಹೋದ ಜಾಗದಲ್ಲೇ ಮುತ್ತಿಗೆ ಹಾಕಬೇಕು. ಬಾರ್ಸಿಲೋನಾ ಮೇಲೆ ಆ 4-0 ಮ್ಯಾಚಲ್ಲಿ ವೈನಾಲ್ಡಮ್‌ನ ಮೊದಲ ಗೋಲು ನೆನಪಿದೆಯಾ? ಟ್ರೆಂಟ್ ಬಲಬದಿಯಲ್ಲಿ ಚೆಂಡು ಕಳೆದುಕೊಂಡ, ಹಿಂದಕ್ಕೆ ಓಡಲಿಲ್ಲ, ಅಲ್ಲೇ ಬಾರ್ಸಿಲೋನಾದ ಆಲ್ಬಾನ ಕಾಲಿಂದ ಕಿತ್ತುಕೊಂಡು ಕ್ರಾಸ್ ಹಾಕಿದ. ಅವತ್ತು ಸಲಾಹ್ ಇಲ್ಲ, ಫಿರ್ಮಿನೊನೂ ಇಲ್ಲ, ಆದರೂ ನಾಲ್ಕು ಗೋಲು.

ಎಡಬದಿ_ಬ್ಯಾಕ್:
ಅರ್ಥವಾಯಿತು. ಆದರೆ ನಮ್ಮಲ್ಲಿ ಸೆಂಟರ್ ಬ್ಯಾಕ್ ಇಬ್ಬರಿಗೂ ನಲವತ್ತು ದಾಟಿದೆ, ಮಿಡ್‌ಫೀಲ್ಡ್‌ನಲ್ಲಿ ಮೂವರಿಗೂ ಗೋಲು ಹೊಡೆಯೋ ಚಪಲ 😅

ಹಳೇ_ಸ್ಟಾಪರ್:
ಹಾಗಾದರೆ ಒಬ್ಬರೇ ಹೋಗಿ. ನೀವು ಮೇಲೆ ಹೋದಾಗ ರೈಟ್ ಬ್ಯಾಕ್ ಒಳಗೆ ಸರಿದು ಆ ಇಬ್ಬರ ಪಕ್ಕ ನಿಲ್ಲಲಿ, ಹಿಂದೆ ಮೂವರಾಗುತ್ತಾರೆ. ಮತ್ತೆ ಗೋಲ್‌ಕೀಪರ್‌ಗೆ ಮೊದಲೇ ಹೇಳಿಡಿ, ಗೆರೆ ಬಿಟ್ಟು ಸ್ವಲ್ಪ ಮುಂದೆ ಬಂದು ನಿಲ್ಲಬೇಕು ಅಂತ.