ಸಹಾಯ ಬೇಕು: ಸೈಡ್‌ವಾಲ್ವ್ ಪ್ರಿಫೆಕ್ಟ್, ಹೆಡ್ ಫೇಸಿಂಗ್ ಮಾಡಿಸಿದ ಮೇಲೆ ಉಸಿರು ಕಟ್ಟುತ್ತಿದೆ

ಎಲ್ಲರಿಗೂ ನಮಸ್ಕಾರ, ಮೈಸೂರಿನಿಂದ ಬರೆಯುತ್ತಿದ್ದೇನೆ. ತಾತನ 1951ರ ಫೋರ್ಡ್ ಪ್ರಿಫೆಕ್ಟ್ ಕಾರು ನಮ್ಮನೆಯಲ್ಲಿದೆ. 1172 ಸಿಸಿ ಸೈಡ್‌ವಾಲ್ವ್ ಇಂಜಿನ್ (ವಾಲ್ವ್‌ಗಳು ಹೆಡ್‌ನಲ್ಲಲ್ಲ, ಬ್ಲಾಕ್‌ನಲ್ಲೇ ಪಿಸ್ಟನ್ ಓಡುವ ಬೋರ್ ಪಕ್ಕದಲ್ಲಿರುತ್ತವೆ), ಹೊಸದರಲ್ಲೇ 30 ಎಚ್‌ಪಿ. ಊರೊಳಗೆ ಚೆನ್ನಾಗಿ ಓಡುತ್ತದೆ. ಚಾಮುಂಡಿ ಬೆಟ್ಟದ ಏರು ಬಂದರೆ ಸುಸ್ತಾಗುತ್ತದೆ.

ಕಂಪ್ರೆಷನ್ ಹೆಚ್ಚಲಿ ಅಂತ ಹೆಡ್ (ಬ್ಲಾಕ್ ಮೇಲಿನ ಮುಚ್ಚಳ) ಫೇಸಿಂಗ್ ಮಾಡಿಸಿ, ಅಂದರೆ ಅದರ ತಳ ತೀಡಿಸಿ, 1.5 ಮಿ.ಮೀ. ತೆಗೆಸಿದೆ. ನಿಧಾನಕ್ಕೆ ಹೋಗುವಾಗ ಎಳೆತ ಜಾಸ್ತಿಯಾಗಿದೆ, ನಿಜ. ಆದರೆ ವೇಗ ಏರಿಸಿದರೆ ಮೊದಲಿಗಿಂತ ಬೇಗ ಉಸಿರು ಕಟ್ಟುತ್ತದೆ. ಕಾರ್ಬುರೇಟರ್ ತೊಳೆದೆ. ಪಾಯಿಂಟ್ ಗ್ಯಾಪ್, ಟೈಮಿಂಗ್, ಟ್ಯಾಪೆಟ್ ಎಲ್ಲ ನೋಡಿದೆ. ಏನೂ ವ್ಯತ್ಯಾಸ ಇಲ್ಲ.

ಕೊನೆಗೆ ವಾಲ್ವ್ ಮೇಲೆ ಕಲಸಿದ ಮೈದಾ ಉಂಡೆ ಇಟ್ಟು, ಹೆಡ್ ಬಿಗಿದು, ಹ್ಯಾಂಡಲ್ ಹಾಕಿ ಕೈಯಲ್ಲೇ ಇಂಜಿನ್ ತಿರುಗಿಸಿ ಬಿಚ್ಚಿದೆ. ವಾಲ್ವ್ ಪೂರ್ತಿ ಎದ್ದಾಗ ಅದರ ಮೇಲೆ ಉಳಿಯುವ ಹಿಟ್ಟಿನ ದಪ್ಪ 2 ಮಿ.ಮೀ. ಕೂಡ ಇಲ್ಲ! ಈ ಇಂಜಿನ್‌ನಲ್ಲಿ ಗಾಳಿ ವಾಲ್ವ್‌ನಿಂದ ಮೇಲೆ ಬಂದು, ಪಕ್ಕಕ್ಕೆ ಹೊರಳಿ ಬೋರ್‌ಗೆ ಇಳಿಯಬೇಕಲ್ವಾ? ಆ ದಾರಿಯೇ ಕಿರಿದಾಗಿದೆ ಅನ್ನೋದು ನನ್ನ ಅನುಮಾನ. ಬ್ಲಾಕ್ ಹಾಳಾದರೆ ಇನ್ನೊಂದು ಸಿಗುವುದು ತುಂಬಾ ಕಷ್ಟ, ಅದಕ್ಕೇ ಕೈ ಹಾಕಲು ಭಯ.

ಹೆಡ್‌ನಲ್ಲಿ ವಾಲ್ವ್ ಮೇಲಿನ ಭಾಗ ಮಾತ್ರ ತೀಡಿಸಿದರೆ ಸಾಕಾ, ಇಲ್ಲ ವಾಲ್ವ್‌ಗೂ ಬೋರ್‌ಗೂ ನಡುವಿನ ಬ್ಲಾಕ್ ಅಂಚನ್ನೂ ಇಳಿಸಬೇಕಾ? ಇದನ್ನು ಮಾಡಿಸಿದವರು ಎಷ್ಟು ಮಿ.ಮೀ. ತೆಗೆಸಿದಿರಿ, ದಯವಿಟ್ಟು ಹೇಳಿ.