13 ವರ್ಷ ಹಳೆಯ ಗೇರ್ ಸೈಕಲ್‌ಗೆ ಇನ್ಶೂರೆನ್ಸ್‌ನವರು 2,500 ರೂಪಾಯಿ ಅನ್ನುತ್ತಾರೆ. ಬೆಲೆ ಕಟ್ಟುವುದು ಹೇಗೆ?

ಕಾಳಿದಂಡೆ (ಕಾರವಾರ)

ಎಲ್ಲರಿಗೂ ನಮಸ್ಕಾರ. ನನ್ನ ಮನೆ ಕೋಡಿಬಾಗದಲ್ಲಿ, ಪೇಟೆಯಲ್ಲಿ ಒಂದು ಮೆಡಿಕಲ್ ಅಂಗಡಿ ಇದೆ. ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಸೈಕಲ್‌ನಲ್ಲಿ ಕಾಳಿ ಸೇತುವೆ ದಾಟಿ ಸದಾಶಿವಗಡಕ್ಕೆ, ಮನಸ್ಸು ಬಂದರೆ ಮಾಜಾಳಿ ತನಕ ಹೋಗಿ ಬರುತ್ತೇನೆ. 2024ರ ಆಗಸ್ಟ್‌ನಲ್ಲಿ ಹಳೆ ಸೇತುವೆ ಬಿದ್ದ ಮೇಲೆ ಹೋಗುವ ಬರುವ ಗಾಡಿಗಳೆಲ್ಲ ಇನ್ನೊಂದು ಸೇತುವೆಗೇ ಬಂದವು, ನಿಮಗೆ ಗೊತ್ತೇ ಇದೆ.

ಕಳೆದ ತಿಂಗಳು ಸೇತುವೆ ಇಳಿದು ಕೋಡಿಬಾಗದ ಕಡೆ ಬರುವಾಗ ಗೋವಾ ಪಾಸಿಂಗ್ ಕಾರೊಂದು ಲಾರಿ ಹಿಂದೆ ಹಾಕಲು ಹೋಗಿ ನನ್ನ ಹಿಂದಿನ ಚಕ್ರಕ್ಕೆ ಗುದ್ದಿತು. ನಾನು ರಸ್ತೆ ಬದಿಯ ಮಣ್ಣಿಗೆ ಬಿದ್ದೆ. ಮೊಣಕೈ ತರಚಿತು ಅಷ್ಟೇ. ಕಾರಿನವರು ಒಳ್ಳೆಯವರು, ನಿಲ್ಲಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಪಾಲಿಸಿಯ ಫೋಟೋ ಕೂಡ ಕೊಟ್ಟರು. ಠಾಣೆಯಲ್ಲಿ ದೂರು ಬರೆಸಿದ್ದೇನೆ.

ಸೈಕಲ್ ಟ್ರೆಕ್ 7.3 ಎಫ್‌ಎಕ್ಸ್, 2012ರದ್ದು. 2018ರಲ್ಲಿ ಬೆಂಗಳೂರಿನ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ, 19,000 ಕೊಟ್ಟು. ಬ್ಯಾಂಕಿನಿಂದ ದುಡ್ಡು ಹಾಕಿದ ದಾಖಲೆ ಇದೆ, ಮೂಲ ಬಿಲ್ ಇಲ್ಲ. ಹೋದ ವರ್ಷ ಹಿಂದಿನ ಚಕ್ರ ಹೊಸದು ಹಾಕಿಸಿದ್ದೆ, ಈಗ ಅದೇ ಚಕ್ರ ಹಪ್ಪಳದ ಹಾಗೆ ಸೊಟ್ಟಗಾಗಿದೆ.

ಕಾರಿನ ಇನ್ಶೂರೆನ್ಸ್ ಕಂಪನಿಯಿಂದ ಒಬ್ಬರು ಫೋನ್ ಮಾಡಿದರು. "ಮೇಡಂ, ಕಾರಿಗೇ ಐದು ವರ್ಷಕ್ಕೆ ಅರ್ಧ ಬೆಲೆ ಹೋಗುತ್ತದೆ. ನಿಮ್ಮದು 13 ವರ್ಷದ ಸೈಕಲ್. 2,500 ಕೊಡಿಸಬಹುದು, ಒಂದು ಸಹಿ ಹಾಕಿ" ಅಂದರು. ನಾನು ಹಾಕಿಸಿದ ಟೈರ್ ಜೋಡಿಗೇ ಅದಕ್ಕಿಂತ ಜಾಸ್ತಿ ಆಗಿತ್ತು! ಹಳೆ ಸೈಕಲ್‌ಗೆ ಬೆಲೆ ಕಟ್ಟುವ ಸರಿಯಾದ ರೀತಿ ಯಾವುದು? ಬಿಲ್ ಇಲ್ಲದಿದ್ದರೆ ಏನೂ ಆಗುವುದಿಲ್ಲವಾ?

ಶರಾವತಿ ಮಾಣಿ (ಹೊನ್ನಾವರ)

ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ, ನಾನಾದರೆ ಕಂಪನಿಯ ತಂಟೆಗೇ ಹೋಗುವುದಿಲ್ಲ. ಕಾರಿನವರು ಒಳ್ಳೆಯವರು ಅಂತ ನೀವೇ ಹೇಳುತ್ತೀರಿ. ಅವರಿಗೇ ಫೋನ್ ಮಾಡಿ ಹತ್ತು ಸಾವಿರ ಕೇಳಿ. ಕೊಟ್ಟರೆ ಮುಗಿಯಿತು. ಕೋರ್ಟಿಗೆ ಓಡಾಡಿದರೆ ಅಂಗಡಿ ಬಾಗಿಲು ಹಾಕಿದ ನಷ್ಟವೇ ಅದಕ್ಕಿಂತ ಹೆಚ್ಚು.

ಘಟ್ಟದ ಮೇಲಿನ ಸರ್ವೇಯರ್ (ಶಿರಸಿ)

ತಂಗಿ, ಮೊದಲನೆಯದಾಗಿ ಆ ಸಹಿ ಹಾಕಬೇಡ. "ಪೂರ್ಣ ಮತ್ತು ಅಂತಿಮ" ಅಂತ ಒಂದು ಸಾಲು ಅದರಲ್ಲಿ ಇದ್ದೇ ಇರುತ್ತದೆ. ಸಹಿ ಆದ ಮೇಲೆ ಏನು ಹೇಳಿದರೂ ಕೇಳುವವರಿಲ್ಲ.

ನಾನು ಇನ್ಶೂರೆನ್ಸ್ ಸರ್ವೇಯರ್ ಆಗಿ ಕಾರು, ಲಾರಿ, ಸುಟ್ಟ ಅಡಿಕೆ ಗೋದಾಮು ಎಲ್ಲ ನೋಡಿ ಈಗ ಮನೆಯಲ್ಲಿ ಕೂತವನು. ಆ ಫೋನಿನವರ ಲೆಕ್ಕ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಮೋಟಾರು ಪಾಲಿಸಿಯಲ್ಲಿ ಐಡಿವಿ ಅಂತ ಒಂದಿದೆ, ಅಂದರೆ ಪಾಲಿಸಿಗಾಗಿ ಗಾಡಿಗೆ ಕಟ್ಟುವ ಬೆಲೆ. ಗಾಡಿ ಆರು ತಿಂಗಳೊಳಗಿದ್ದರೆ ಶೇ. 5 ಕಡಿತ, ವರ್ಷದೊಳಗೆ 15, ಎರಡು ವರ್ಷದ ತನಕ 20, ಆಮೇಲೆ 30, 40, ಐದನೇ ವರ್ಷಕ್ಕೆ 50. ಐದು ದಾಟಿದ ಮೇಲೆ? ಪಟ್ಟಿಯಲ್ಲಿ ಅಂಕಿಯೇ ಇಲ್ಲ. ಕಂಪನಿ ಮತ್ತು ಗಾಡಿ ಮಾಲೀಕ ಮಾತಾಡಿ ಒಪ್ಪಿದ್ದೇ ಬೆಲೆ. ಹಾಗಾಗಿ 13 ವರ್ಷಕ್ಕೆ ಇಷ್ಟು ಅಂತ ಅವರು ಹೇಳಿದ್ದು ಆ ಪಟ್ಟಿಯಲ್ಲೂ ಇಲ್ಲದ ಮಾತು.

ಅದಕ್ಕಿಂತ ಮುಖ್ಯ ಸಂಗತಿ ಇನ್ನೊಂದು. ಆ ಪಟ್ಟಿ ಕಂಪನಿಗೂ ಅದರ ಗಿರಾಕಿಗೂ ನಡುವಿನದು, ಅದೂ ಮೋಟಾರು ಗಾಡಿಗೆ. ನಿನ್ನದು ಮೋಟಾರು ಗಾಡಿಯೂ ಅಲ್ಲ, ನೀನು ಅವರ ಗಿರಾಕಿಯೂ ಅಲ್ಲ. ನೀನು ಥರ್ಡ್ ಪಾರ್ಟಿ. ನಿನಗೆ ಬರಬೇಕಾದ್ದು ಕಳೆದುಕೊಂಡದ್ದರ ಬೆಲೆ. ಕಾರು ಗುದ್ದುವ ಮೊದಲಿನ ನಿಮಿಷದಲ್ಲಿ ಆ ಸೈಕಲ್ ಮಾರಾಟಕ್ಕೆ ಇಟ್ಟಿದ್ದರೆ ಸೈಕಲ್ ಬಗ್ಗೆ ಗೊತ್ತಿರುವವನು ಎಷ್ಟು ಕೊಡುತ್ತಿದ್ದ? ಲೆಕ್ಕ ಅಲ್ಲಿಂದ ಶುರುವಾಗಬೇಕು.

ನಿನ್ನ ಕೈಯಲ್ಲಿ ಒಳ್ಳೆಯ ಪುರಾವೆ ಒಂದು ಆಗಲೇ ಇದೆ. ಆರು ವರ್ಷ ಹಳೆಯದಾಗಿದ್ದಾಗ ಆ ಸೈಕಲ್ 19,000ಕ್ಕೆ ಮಾರಾಟವಾಗಿದೆ. ಬ್ಯಾಂಕ್ ದಾಖಲೆ ಅದನ್ನು ಹೇಳುತ್ತದೆ, ಅಂಗಡಿ ಬಿಲ್ ಇಲ್ಲದಿದ್ದರೂ ನಡೆಯುತ್ತದೆ. ಒಳ್ಳೆ ಸೈಕಲ್‌ನ ಬೆಲೆ ಮೊದಲ ಕೆಲವು ವರ್ಷ ದಡದಡ ಇಳಿಯುತ್ತದೆ, ಆಮೇಲೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ವರ್ಷ ಎಣಿಸಿ ಪ್ರಯೋಜನ ಇಲ್ಲ, ಯಾವ ಸ್ಥಿತಿಯಲ್ಲಿ ಇಟ್ಟುಕೊಂಡಿದ್ದಾರೆ ಅನ್ನುವುದೇ ಲೆಕ್ಕ. ಕೆಲಸಕ್ಕೆ ಹೋಗುತ್ತಿದ್ದಾಗ ಇದನ್ನು ಕಂಪನಿಯ ಹುಡುಗರಿಗೆ ಹೇಳಿ ಹೇಳಿ ಸಾಕಾಗಿತ್ತು.

ಈಗ ಮಾಡಬೇಕಾದ್ದು. ಅದೇ ಮಾಡೆಲ್, ಹತ್ತಿರದ ವರ್ಷದ್ದು, ಓಎಲ್‌ಎಕ್ಸ್‌ನಲ್ಲೋ ಫೇಸ್‌ಬುಕ್‌ನಲ್ಲೋ ಎಷ್ಟಕ್ಕಿದೆ ನೋಡು. ತಾರೀಕು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದುಕೋ, ಜಾಹೀರಾತು ನಾಳೆ ಇರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಿನದನ್ನು ಮಾತ್ರ ಆರಿಸಿ ಕಳಿಸಬೇಡ, ಮರುಕ್ಷಣ ನಿನ್ನ ಮಾತಿಗೆ ಬೆಲೆ ಹೋಗುತ್ತದೆ. ಕೇಳುವ ಬೆಲೆ ಬೇರೆ, ಕೊಡುವ ಬೆಲೆ ಬೇರೆ, ಆದ್ದರಿಂದ ಸ್ವಲ್ಪ ಇಳಿಸು. ಆದರೆ ಬೆಂಗಳೂರಿನಿಂದ ಕಾರವಾರಕ್ಕೆ ತರಿಸುವ ಖರ್ಚು ಸೇರಿಸು. ಇಂಥ ಸೈಕಲ್ ಕಾರವಾರದ ಪೇಟೆಯಲ್ಲಿ ಸೆಕೆಂಡ್ ಹ್ಯಾಂಡ್ ಸಿಗುವುದಿಲ್ಲವಲ್ಲ.

ಜೊತೆಗೆ ಒಬ್ಬ ಮೆಕ್ಯಾನಿಕ್‌ನಿಂದ ರಿಪೇರಿ ಎಸ್ಟಿಮೇಟ್ ಬೇಕು. ರಿಪೇರಿ ಖರ್ಚು ಸೈಕಲ್ ಬೆಲೆಗಿಂತ ಕಡಿಮೆ ಇದ್ದರೆ ರಿಪೇರಿಯ ದುಡ್ಡು ಸಿಗುತ್ತದೆ. ಮೀರಿದರೆ ಸೈಕಲ್ ಬೆಲೆ, ಅದರಲ್ಲಿ ಮುರಿದ ಸೈಕಲ್‌ನ ಗುಜರಿ ಬೆಲೆ ಕಳೆದು. ಟೈರ್, ಟ್ಯೂಬ್, ಚೈನ್, ಬ್ರೇಕ್ ರಬ್ಬರ್ ಸವೆಯುವ ವಸ್ತು, ಅವುಗಳ ಮೇಲೆ ಕಡಿತ ಕೇಳಿದರೆ ಒಪ್ಪಿಕೋ. ಕಾರಿನ ಕ್ಲೇಮ್‌ನಲ್ಲೂ ರಬ್ಬರ್, ಪ್ಲಾಸ್ಟಿಕ್, ಟೈರಿಗೆ ಶೇ. 50 ಕಡಿಯುತ್ತಾರೆ. ಹೋದ ವರ್ಷದ ಚಕ್ರಕ್ಕೆ ಮಾತ್ರ 13 ವರ್ಷದ ಕಡಿತ ಒಪ್ಪಬೇಡ.

ಆ ಪಾಲಿಸಿ ಫೋಟೋದಲ್ಲಿ ಟಿಪಿಪಿಡಿ ಅಂತ ಒಂದು ಸಾಲು ನೋಡು, ಥರ್ಡ್ ಪಾರ್ಟಿಯ ಸ್ವತ್ತಿಗೆ ಆದ ಹಾನಿಗೆ ಕಂಪನಿ ಕೊಡುವ ಮಿತಿ ಅದು. ಸಾಮಾನ್ಯವಾಗಿ ಕಾರಿಗೆ 7.5 ಲಕ್ಷ ಇರುತ್ತದೆ. ಪ್ರೀಮಿಯಂ ಸ್ವಲ್ಪ ಉಳಿಸಲು ಕೆಲವರು ಅದನ್ನು 6,000ಕ್ಕೆ ಇಳಿಸಿಕೊಂಡಿರುತ್ತಾರೆ. ಹಾಗಿದ್ದರೆ ಅದರ ಮೇಲಿನದನ್ನು ಕಾರಿನವರೇ ಕೊಡಬೇಕು.

ಇನ್ಶೂರೆನ್ಸ್ ದೂರು ಕೇಳುವ ಒಂಬುಡ್ಸ್‌ಮನ್ ಹತ್ತಿರ ಹೋಗು ಅಂತ ಯಾರಾದರೂ ಹೇಳಿದರೆ ಕೇಳಬೇಡ. ಅಲ್ಲಿಗೆ ಪಾಲಿಸಿ ಇದ್ದವರು ಹೋಗಬಹುದು, ಥರ್ಡ್ ಪಾರ್ಟಿಗೆ ಅವಕಾಶ ಇಲ್ಲ. ನಿನ್ನ ಜಾಗ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಕಾರು ಗೋವಾದ್ದಾದರೂ ಅಪಘಾತ ಇಲ್ಲೇ ಆಗಿದೆ, ನೀನಿರುವುದೂ ಇಲ್ಲೇ, ಹಾಗಾಗಿ ಅರ್ಜಿಯನ್ನು ಈ ಕಡೆಯೇ ಹಾಕಬಹುದು. ಮೊಣಕೈಗೆ ಆದ ಆಸ್ಪತ್ರೆ ಬಿಲ್ಲೂ ಅದೇ ಅರ್ಜಿಯಲ್ಲಿ ಹೋಗುತ್ತದೆ. 2019ರ ತಿದ್ದುಪಡಿ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಹಾಕಬೇಕು. ಇಂಥ ಕೇಸು ಲೋಕ ಅದಾಲತ್‌ನಲ್ಲಿ ರಾಜಿಯಾಗುವುದೂ ಉಂಟು.

ಆದರೆ ಹೊನ್ನಾವರದವರು ಹೇಳಿದ್ದರಲ್ಲೂ ಸತ್ಯ ಇದೆ. ಇಷ್ಟು ದುಡ್ಡಿಗೆ ವಕೀಲರನ್ನು ಹಿಡಿಯುವುದು ಕೊನೆಯ ದಾರಿ. ಮೊದಲು ಕಂಪನಿಗೆ ಒಂದು ಪತ್ರ, ಅದರ ಪ್ರತಿ ಕಾರಿನವರಿಗೆ. ನಡುವೆ ಅವರೇ ದುಡ್ಡು ಕೊಡುತ್ತೇನೆ ಅಂದರೆ ಅಡ್ಡಿಲ್ಲ, ಯಾವುದಕ್ಕೆ ಎಷ್ಟು ಅಂತ ಬರೆಸಿಕೊಂಡು ತೆಗೆದುಕೋ.

ಬೆಂಡ್ ತೆಗೆಯುವವ (ಕುಮಟಾ)

ಅಕ್ಕ, ಎಸ್ಟಿಮೇಟ್ ಬರೆಸುವಾಗ "ಸೈಕಲ್ ರಿಪೇರಿ, ಒಟ್ಟು ಇಷ್ಟು" ಅಂತ ಒಂದೇ ಸಾಲು ಬರೆಸಬೇಡಿ. ರಿಮ್, ಕಡ್ಡಿ, ಹಬ್, ಕ್ಯಾಸೆಟ್, ಗೇರ್ ಹ್ಯಾಂಗರ್, ಮಜೂರಿ ಎಲ್ಲ ಬೇರೆ ಬೇರೆ. ಸರ್ವೇಯರ್ ಸರ್ ಒಪ್ಪುತ್ತಾರೆ ಅಂದುಕೊಂಡಿದ್ದೇನೆ.

ನಮ್ಮ ಕರಾವಳಿಯ ಸೈಕಲ್‌ಗೆ ಒಂದು ತೊಂದರೆ ಇದೆ. ಉಪ್ಪು ಗಾಳಿಗೆ ಬೋಲ್ಟು, ಚೈನು ಕೆಂಪಾಗಿರುತ್ತವೆ. ನೋಡಲು ಬಂದವರು ತುಕ್ಕಿಗೆ ಬೆರಳಿಟ್ಟು "ಮೊದಲೇ ಹಾಳಾಗಿತ್ತು" ಅಂತ ಬರೆದುಬಿಡುತ್ತಾರೆ. ಈಗಲೇ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಸೈಕಲ್ ತೊಳೆಯಬೇಡಿ, ಎಣ್ಣೆ ಹಾಕಬೇಡಿ.

ಸೈಕಲ್ ತಲೆಕೆಳಗೆ ಮಾಡಿ ಹಿಂದಿನ ಚಕ್ರ ಕೂರುವ ಜಾಗ, ಅಲ್ಲಿಂದ ಪೆಡಲ್ ಕಡೆ ಬರುವ ಎರಡು ಪೈಪು, ಅವುಗಳ ಬೆಸುಗೆ ನೋಡಿ. ಗುದ್ದು ಬಿದ್ದದ್ದು ಹಿಂದೆ ಅಂದಿರಲ್ಲ. ಬಟ್ಟೆಯಿಂದ ಒರೆಸಿ, ಮೊಬೈಲ್ ಟಾರ್ಚ್ ಅಡ್ಡವಾಗಿ ಹಿಡಿಯಿರಿ. ಕೂದಲಿನಷ್ಟು ಸಣ್ಣ ಗೆರೆ ಕಂಡು ಒಳಗೆ ಲೋಹ ಬೆಳ್ಳಗೆ ಹೊಳೆದರೆ ಅದು ಹೊಸ ಬಿರುಕು. ಹಳೆಯದಾದರೆ ಮಬ್ಬಾಗಿ, ಕೊಳೆ ತುಂಬಿಕೊಂಡಿರುತ್ತದೆ. ಹೊಳೆಯುವುದು ಈಗಲೇ, ಮಳೆಗಾಲದ ಗಾಳಿಗೆ ಬೇಗ ಮಬ್ಬಾಗುತ್ತದೆ.

ಪೆಡಲ್ ಹತ್ತಿರ, ಫ್ರೇಮ್ ಅಡಿಗೆ ಡಬ್ಲ್ಯುಟಿಯು ಅಂತ ಶುರುವಾಗುವ ನಂಬರ್ ಇರುತ್ತದೆ. ಅದರ ಫೋಟೋ ಬೇಕು. ಬೆಲೆ ಹುಡುಕುವಾಗ 7.3 ಎಫ್‌ಎಕ್ಸ್ ಜೊತೆಗೆ ಎಫ್‌ಎಕ್ಸ್ 3 ಅಂತಲೂ ಹುಡುಕಿ. ಮಧ್ಯದಲ್ಲಿ ಕಂಪನಿ ಹೆಸರು ಬದಲಿಸಿತು, ಸಾಲು ಅದೇ.

ಕಾಳಿದಂಡೆ (ಕಾರವಾರ)

ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಅಂಗಡಿ ಮುಚ್ಚಿ ಬಂದು ಸೈಕಲ್ ತಲೆಕೆಳಗೆ ಮಾಡಿದೆ. ಗೇರ್ ಇರುವ ಕಡೆಯ ಪೈಪಿನಲ್ಲಿ, ಬೆಸುಗೆಗೆ ತಾಗಿ, ಪೇಂಟ್ ಸಿಪ್ಪೆಯ ಹಾಗೆ ಎದ್ದಿದೆ. ಉಗುರಿನಿಂದ ಕೆದಕಿದರೆ ಕೆಳಗೆ ಬೆಳ್ಳಿ ಗೆರೆ, ಅರ್ಧ ಸುತ್ತು ಬಂದಿದೆ. ಗಾಬರಿಯಾಯಿತು, ಇದರ ಮೇಲೆ ಕೂತು ಮತ್ತೆ ಸೇತುವೆ ದಾಟುತ್ತಿದ್ದೆನಲ್ಲ! ನಂಬರ್ ಸಿಕ್ಕಿತು. 2018ರಲ್ಲಿ ಮಾರಿದವರು ಕಳಿಸಿದ ಫೋಟೋದಲ್ಲೂ ಅದೇ ನಂಬರ್ ಇದೆ.

ಪಾಲಿಸಿಯಲ್ಲಿ 7.5 ಲಕ್ಷವೇ ಇದೆ. ಜಾಹೀರಾತುಗಳಲ್ಲಿ ಹಳೆ 7.3 ಎಫ್‌ಎಕ್ಸ್ ಎರಡು ಕಂಡವು, ಒಂದು 16,000, ಇನ್ನೊಂದು 22,000. ಎಫ್‌ಎಕ್ಸ್ 3 ಒಂದು 30,000, ಅದು ಹೊಸದು ಇರಬೇಕು. ನಾನು ಹಾಕಿಸಿದ ಚಕ್ರ, ಟೈರು, ಸೀಟು, ಕ್ಯಾರಿಯರ್ ದುಡ್ಡೆಲ್ಲ ಇದರ ಮೇಲೆ ಸೇರಿಸಬಹುದಾ ಸರ್? ಇಲ್ಲಿಯ ವೆಲ್ಡಿಂಗ್‌ನವರು ಬಿರುಕು ಮುಚ್ಚಿಕೊಡುತ್ತೇನೆ ಅಂತಾರೆ.

ಘಟ್ಟದ ಮೇಲಿನ ಸರ್ವೇಯರ್ (ಶಿರಸಿ)

ವೆಲ್ಡಿಂಗ್ ಬೇಡವೇ ಬೇಡ. ಅಲ್ಯೂಮಿನಿಯಂ ಫ್ರೇಮ್‌ಗೆ ಕಾರ್ಖಾನೆಯಲ್ಲಿ ಬೆಸೆದ ಮೇಲೆ ಶಾಖ ಕೊಟ್ಟು ಗಟ್ಟಿ ಮಾಡಿರುತ್ತಾರೆ. ಗ್ಯಾರೇಜಿನಲ್ಲಿ ಮತ್ತೆ ಬೆಸೆದರೆ ಆ ಜಾಗ ಮೆತ್ತಗಾಗುತ್ತದೆ. ಮೆಕ್ಯಾನಿಕ್ ಹತ್ತಿರ "ಫ್ರೇಮ್ ಬಿರುಕು ಬಿಟ್ಟಿದೆ, ರಿಪೇರಿ ಮಾಡಿ ಓಡಿಸುವುದು ಸುರಕ್ಷಿತ ಅಲ್ಲ" ಅಂತ ಬರೆಸು. ಅಲ್ಲಿಗೆ ಇದು ಟೋಟಲ್ ಲಾಸ್, ಅಂದರೆ ರಿಪೇರಿ ಲೆಕ್ಕ ಬಿಟ್ಟು ಪೂರ್ತಿ ಸೈಕಲ್ ಬೆಲೆಯ ಲೆಕ್ಕ.

30,000ದ್ದನ್ನು ಬಿಡು, ಅದು ಹೋಲಿಕೆಗೆ ಬರುವುದಿಲ್ಲ. 16 ಮತ್ತು 22ರ ನಡುವೆ 19. ಚೌಕಾಸಿಗೆ ಒಂದೂವರೆ ಇಳಿಸು, ಹೊಸ ಚಕ್ರಕ್ಕೂ ಟೈರಿಗೂ ಎರಡು ಏರಿಸು, ಸಾಗಾಟಕ್ಕೆ ಒಂದೂವರೆ. 21,000 ಆಯಿತು. ಹಾಕಿಸಿದ್ದರ ಪೂರ್ತಿ ದುಡ್ಡು ಸೇರಿಸಲು ಬರುವುದಿಲ್ಲ, ಕೊಳ್ಳುವವನೂ ಅಷ್ಟು ಕೊಡುವುದಿಲ್ಲವಲ್ಲ. ಸೀಟು, ಕ್ಯಾರಿಯರ್ ಹಾಳಾಗಿಲ್ಲದಿದ್ದರೆ ಬಿಚ್ಚಿ ಇಟ್ಟುಕೋ, ಲೆಕ್ಕಕ್ಕೆ ತರಬೇಡ. ಮುರಿದ ಸೈಕಲ್ ನೀನೇ ಇಟ್ಟುಕೊಳ್ಳುವುದಾದರೆ 3,000 ಕಳೆ. 18,000 ಕೇಳು, 15ಕ್ಕಿಂತ ಕೆಳಗೆ ಇಳಿಯಬೇಡ. ಪತ್ರ ಒಂದೇ ಪುಟ ಇರಲಿ. ಉದ್ದ ಬರೆದರೆ ಯಾರೂ ಓದುವುದಿಲ್ಲ, ನಾನೂ ಓದುತ್ತಿರಲಿಲ್ಲ.

ಕದ್ರಾ ಹುಡುಗ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. 2019ರ ನೆರೆಯಲ್ಲಿ ಅಣೆಕಟ್ಟಿನ ನೀರು ಬಿಟ್ಟಾಗ ನಮ್ಮ ಮನೆಯ ಎರಡು ಸೈಕಲ್ ಕೆಸರಿನಲ್ಲಿ ಹೂತು ಹೋದವು. ಹಾಗೆ ಆದರೆ ಮನೆಯ ಇನ್ಶೂರೆನ್ಸ್‌ನಲ್ಲಿ ಬರುತ್ತದಾ?

ಘಟ್ಟದ ಮೇಲಿನ ಸರ್ವೇಯರ್ (ಶಿರಸಿ)

2021ರ ಏಪ್ರಿಲ್‌ನಿಂದ ಭಾರತ್ ಗೃಹ ರಕ್ಷಾ ಅಂತ ಎಲ್ಲ ಕಂಪನಿಗಳಲ್ಲೂ ಒಂದೇ ರೀತಿಯ ಪಾಲಿಸಿ ಬಂದಿದೆ. ಅದರಲ್ಲಿ ನೆರೆ ಸೇರಿದೆ, ಮನೆಯೊಳಗಿನ ಸಾಮಾನೂ ಸೇರಿದೆ. ಸುಮ್ನೆ ಕಳ್ಳತನವಾದರೆ ಅದರಲ್ಲಿ ಬರುವುದಿಲ್ಲ. ರಸ್ತೆಯಲ್ಲಿ ಕಾರು ಗುದ್ದಿದ್ದಕ್ಕೂ ಅದನ್ನು ನಂಬಿ ಕೂರಬೇಡ.

ಬೆಂಡ್ ತೆಗೆಯುವವ (ಕುಮಟಾ)

ಅಕ್ಕ, ಎಸ್ಟಿಮೇಟ್ ಬೇಕಾದರೆ ಸೈಕಲ್ ಬಸ್ಸಿನ ಮೇಲೆ ಹಾಕಿ ಕಳಿಸಿ, ಫ್ರೇಮ್ ಬಗ್ಗೆ ನಾನೇ ಬರೆದು ಕೊಡುತ್ತೇನೆ. ಮತ್ತೆ ಸರ್ ಹೇಳಿದ 3,000ದ ಲೆಕ್ಕ ಕಂಪನಿಯವರು ಒಪ್ಪಿದ ಮೇಲೆ ಮುಂದಿನ ಚಕ್ರ, ಗೇರ್ ಸೆಟ್ ಬೇರೆ ಯಾರಿಗೂ ಮಾರಬೇಡಿ. ನನ್ನ ಹತ್ತಿರ ಅದೇ ಅಳತೆಯ ಫ್ರೇಮ್ ಒಂದು ಖಾಲಿ ಬಿದ್ದಿದೆ. 3,500 ಕೊಡುತ್ತೇನೆ.