ಟ್ರೀ ಸ್ಯಾಡಲ್‌ನಲ್ಲಿ ಸೊಂಟ ಹಿಂಡುತ್ತದೆ: ಬ್ರಿಡ್ಜ್ ಎಷ್ಟು ಉದ್ದ ಇರಬೇಕು?

ಕೊಡಗಿನವ, ಮಿಷಿಗನ್:

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಕ್ಟೋಬರ್ 1ಕ್ಕೆ ಬಿಲ್ಲುಬೇಟೆ ತೆರೆಯುತ್ತದೆ, ನವೆಂಬರ್ 15ಕ್ಕೆ ಬಂದೂಕಿನವರು ಕಾಡಿಗೆ ಇಳಿಯುತ್ತಾರೆ. ಬಿಳಿಬಾಲದ ಜಿಂಕೆಗಾಗಿ ನಾನು ಕಾಯುವುದು ಈ ನಡುವಿನ ವಾರಗಳಲ್ಲಿ. ಕಬ್ಬಿಣದ ಅಟ್ಟಣೆ ಹೊತ್ತು ಸಾಕಾಗಿ ಈ ವರ್ಷ ಸ್ಯಾಡಲ್ ಕೊಂಡೆ. ನೋಡದವರಿಗಾಗಿ ಹೇಳುತ್ತೇನೆ: ಇದು ಸೊಂಟ ಮತ್ತು ಪೃಷ್ಠವನ್ನು ಸುತ್ತಿ ಹಿಡಿಯುವ ಅಗಲವಾದ ಪಟ್ಟಿ. ಅದರ ಎರಡು ಪಕ್ಕದ ಕುಣಿಕೆಗಳನ್ನು ಮುಂದೆ ಜೋಡಿಸುವ ಹಗ್ಗವೇ ಬ್ರಿಡ್ಜ್. ಮರಕ್ಕೆ ಕಟ್ಟಿದ ಟೆದರ್ ಹಗ್ಗದ ಕ್ಯಾರಬೈನರ್ (ಲೋಹದ ಕೊಂಡಿ) ಈ ಬ್ರಿಡ್ಜ್ ಮೇಲೆ ಅತ್ತಿತ್ತ ಜಾರುತ್ತದೆ. ಕಾಲು ಸಣ್ಣ ಪ್ಲಾಟ್‌ಫಾರ್ಮ್ ಮೇಲೆ, ಭಾರ ಹಗ್ಗದ ಮೇಲೆ.

ಓಡಾಟಕ್ಕೆ ಇದರಷ್ಟು ಹಗುರವಾದದ್ದು ಇನ್ನೊಂದಿಲ್ಲ. ಆದರೆ ಒಂದು ಗಂಟೆ ಕಳೆಯುತ್ತಿದ್ದಂತೆ ಸೊಂಟದ ಎರಡೂ ಎಲುಬುಗಳನ್ನು ಯಾರೋ ಒಳಕ್ಕೆ ಒತ್ತಿದಂತಾಗುತ್ತದೆ, ಬಲತೊಡೆಯ ಹೊರಭಾಗ ಜೋಮು ಹಿಡಿಯುತ್ತದೆ. ಕುಣಿಕೆಯಿಂದ ಕುಣಿಕೆಗೆ 14 ಇಂಚು, ಬ್ರಿಡ್ಜ್‌ನ ಒಟ್ಟು ಉದ್ದ 20 ಇಂಚು, ಟೆದರ್ ಕಟ್ಟುವುದು ಹಣೆಯ ಎತ್ತರಕ್ಕೆ. ಬ್ರಿಡ್ಜ್ ಉದ್ದ ಮಾಡಲೇ, ಗಿಡ್ಡ ಮಾಡಲೇ? ಸಂಜೆಯ ಕೊನೆಯ ಬೆಳಕಿನವರೆಗೆ ಅಲುಗಾಡದೆ ಇರಬೇಕೆಂಬುದು ನನ್ನ ಆಸೆ. ನೋವಿನಲ್ಲಿ ಮೈ ಹೊರಳಿಸುವವನನ್ನು ಜಿಂಕೆ ಮೊದಲೇ ಕಂಡುಬಿಡುತ್ತದೆ.

ಹಗ್ಗದ ಕೆಲಸ, ಆರೆಗಾನ್:

ಉದ್ದ ಮಾಡಿ. ದಿನವಿಡೀ ಮರದಲ್ಲಿ ನೇತಾಡಿ ಕೊಂಬೆ ಕಡಿಯುವುದೇ ನನ್ನ ವೃತ್ತಿ, ಹಾಗಾಗಿ ನಿಮ್ಮ ಅಳತೆ ನೋಡಿದ ಕೂಡಲೇ ವಿಷಯ ತಿಳಿಯಿತು.

ಕ್ಯಾರಬೈನರ್ ಎಳೆದಾಗ ಬ್ರಿಡ್ಜ್ ತ್ರಿಕೋನವಾಗುತ್ತದೆ. 14 ಇಂಚಿನ ಅಂತರಕ್ಕೆ 20 ಇಂಚಿನ ಹಗ್ಗ ಎಂದರೆ ತುದಿಯ ಕೋನ ಸುಮಾರು 90 ಡಿಗ್ರಿ. ಟೆದರ್ ಮೇಲೆ 60 ಕಿಲೋ ಎಳೆತವಿದ್ದರೆ ಪ್ರತಿ ಪಕ್ಕದಿಂದಲೂ 30 ಕಿಲೋ ಬಲ ನಿಮ್ಮ ಸೊಂಟವನ್ನು ಒಳಕ್ಕೆ ಅಮುಕುತ್ತದೆ. ಬ್ರಿಡ್ಜ್ 24 ಇಂಚಾದರೆ ಅದು 22 ಕಿಲೋ ಆಸುಪಾಸಿಗೆ ಇಳಿಯುತ್ತದೆ. 28 ಇಂಚು ಮಾಡಿದರೆ ಮೂರೂ ಬದಿ 14 ಇಂಚಿನ ಸಮಬಾಹು ತ್ರಿಕೋನ, 60 ಡಿಗ್ರಿ, ಅಮುಕು 17 ಕಿಲೋ ಮಾತ್ರ. ಬ್ರಿಡ್ಜ್ ಇನ್ನೂ ಗಿಡ್ಡವಾಗಿ ಕೋನ 120ಕ್ಕೆ ಹೋದರೆ 52 ಕಿಲೋ. ಯಾವ ಮೆತ್ತೆ ಹಾಕಿದರೂ ಅದು ತಡೆಯುವುದಿಲ್ಲ.

ಜೋಮಿನ ವಿಚಾರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತೊಡೆಯ ಹೊರಚರ್ಮಕ್ಕೆ ಹೋಗುವ ನರ ಸೊಂಟದ ಮುಂದಿನ ಎಲುಬಿನ ಮಗ್ಗುಲಲ್ಲೇ ಹಾದುಹೋಗುತ್ತದೆ. ಪಟ್ಟಿಯ ಅಂಚು ಅಲ್ಲಿ ಒತ್ತಿದರೆ ಹೀಗಾಗುತ್ತದೆ. ಮನೆಗೆ ಬಂದ ಮೇಲೂ ಜೋಮು ಇಳಿಯದಿದ್ದರೆ ಆ ಜೋಡಣೆಯಲ್ಲಿ ಮತ್ತೆ ಮರ ಹತ್ತಬೇಡಿ.

ಇನ್ನೊಂದು ಮಾತು. ಬ್ರಿಡ್ಜ್ 20ರಿಂದ 28ಕ್ಕೆ ಹೋದಾಗ ನಿಮ್ಮ ದೇಹ ಮರದಿಂದ 5 ಇಂಚು ಹಿಂದೆ ಸರಿಯುತ್ತದೆ. ಮೊಣಕಾಲು ಕಾಂಡಕ್ಕೆ ಎಟುಕುವುದಿಲ್ಲ, ಕೂತವರಿಗೆ ಇದರಿಂದ ಕಷ್ಟ. ಟೆದರ್‌ನ ಪ್ರುಸಿಕ್ ಗಂಟನ್ನು (ಭಾರ ಬಿದ್ದಾಗ ಬಿಗಿಯುವ, ಭಾರವಿಲ್ಲದಾಗ ಜಾರಿಸಬಹುದಾದ ಗಂಟು) ಅಷ್ಟೇ ಮರದ ಕಡೆಗೆ ಜಾರಿಸಿದರೆ ಸರಿಹೋಗುತ್ತದೆ. ಬಹಳ ಜನ ಇದನ್ನು ಮಾಡದೆಯೇ ಉದ್ದ ಬ್ರಿಡ್ಜ್ ಒಗ್ಗುವುದಿಲ್ಲ ಎಂದು ಕೈಬಿಡುತ್ತಾರೆ.

ಇದೆಲ್ಲ ಮನೆಯ ಹಿತ್ತಲಲ್ಲಿ, ಪ್ಲಾಟ್‌ಫಾರ್ಮನ್ನು ಪಾದದೆತ್ತರಕ್ಕೆ ಕಟ್ಟಿ ನೋಡುವ ಕೆಲಸ. ಎರಡೆರಡು ಇಂಚು ಬಿಡುತ್ತಾ ಹೋಗಿ, ಪ್ರತಿ ಸಲ ಅರ್ಧ ಗಂಟೆ ನೇತಾಡಿ. ನವೆಂಬರಿನ ದಪ್ಪ ಕೋಟು ತೊಟ್ಟುಕೊಂಡೇ ಮಾಡಿ, ಏಕೆಂದರೆ ಟಿ-ಷರ್ಟಿನಲ್ಲಿ ಸರಿಹೊಂದಿದ ಅಳತೆ ಉಣ್ಣೆಯ ಮೇಲೆ ಹೊಂದುವುದಿಲ್ಲ.

ಮಂಡ್ಯದ ಬಿಲ್ಲುಗಾರ, ಪೆನ್ಸಿಲ್ವೇನಿಯಾ:

ಮೇಲಿನವರ ಲೆಕ್ಕ ಸರಿ, ಆದರೆ ಹಗ್ಗಕ್ಕೆ ಕೈ ಹಾಕುವ ಮೊದಲು ಪಟ್ಟಿ ಎಲ್ಲಿ ಕೂತಿದೆ ನೋಡಿ. ಕೆಳಅಂಚು ಪೃಷ್ಠದ ಮಡಿಕೆಗಿಂತ ತುಸು ಕೆಳಗೆ ಇರಬೇಕು. ಭಾರ ಅಲ್ಲಿ ಬೀಳಬೇಕು, ಸೊಂಟದ ಮೇಲಲ್ಲ. ನೇತಾಡುವಾಗ ಮೇಲಿನ ಬೆಲ್ಟನ್ನು ಒಂದಿಷ್ಟು ಸಡಿಲಿಸಿ. ಬಿಚ್ಚಬಾರದು, ಸಡಿಲಿಸಬೇಕು. ತೊಡೆಪಟ್ಟಿಗಳೂ ಬಿಗಿಯಾಗಿರಬಾರದು.

ಟೆದರ್ ಎತ್ತರವೂ ಮುಖ್ಯ. ಹಣೆಯ ಮಟ್ಟ ವಾಲಿ ನಿಲ್ಲುವವರಿಗೆ ಒಳ್ಳೆಯದು, ಆಗ ಕಾಲಿನ ಮೇಲೂ ಭಾರ ಇರುತ್ತದೆ. ಒಂದು ಗೇಣು ಮೇಲಕ್ಕೆ ಕಟ್ಟಿದರೆ ಮೊಣಕಾಲು ಮರಕ್ಕೆ ಊರಿ ಕೂರಬಹುದು. ನಾನು ಇಡೀ ದಿನ ಒಂದೇ ಭಂಗಿಯಲ್ಲಿ ಇರುವುದೇ ಇಲ್ಲ. ಕೂರುತ್ತೇನೆ, ವಾಲುತ್ತೇನೆ, ಎಲೆಯ ಸದ್ದಿಲ್ಲದ ಹೊತ್ತಿನಲ್ಲಿ ಒಂದೊಂದೇ ಕಾಲು ಆಡಿಸುತ್ತೇನೆ. ರಕ್ತ ಓಡಾಡುತ್ತಿರಲಿ.

28 ಇಂಚಿನ ಬಗ್ಗೆ ಮಾತ್ರ ನನಗೆ ತಕರಾರಿದೆ. ಕಾಯಲು ಅದು ಹಿತ. ಬಾಣ ಬಿಡುವ ಕ್ಷಣಕ್ಕೆ ನನಗೆ ಗಿಡ್ಡ ಬ್ರಿಡ್ಜೇ ಬೇಕು, ಮೈ ಹಗ್ಗಕ್ಕೆ ಕಟ್ಟಿದಂತೆ ಗಟ್ಟಿಯಾಗಿ ನಿಲ್ಲುತ್ತದೆ. ಅದರಲ್ಲೂ ಬಲಗೈಯವರಿಗೆ ಬಲಪಕ್ಕದಲ್ಲಿ ಬರುವ ಜಿಂಕೆಯೇ ಕಷ್ಟ, ಪಾದ ಬದಲಿಸಿ ಇಡೀ ಸೊಂಟ ತಿರುಗಿಸಬೇಕು. ಆದ್ದರಿಂದ ಉದ್ದ ಬದಲಿಸಬಹುದಾದ ಬ್ರಿಡ್ಜ್ ಕೊಳ್ಳಿ.

ಕೊಡಗಿನವ, ಮಿಷಿಗನ್:

ಇಬ್ಬರಿಗೂ ತುಂಬಾ ಧನ್ಯವಾದ. ಕೋಟು ತೊಟ್ಟು ಹಿತ್ತಲಿನ ಮೇಪಲ್ ಮರದಲ್ಲಿ ನೋಡಿದೆ. 26 ಇಂಚಿಗೆ, ಪ್ರುಸಿಕ್ ಮುಂದೆ ತಂದ ಮೇಲೆ, ಹಿಂಡುವುದು ನಿಂತಿತು. ಜೋಮೂ ಇಲ್ಲ. ನನ್ನ ಬಳಿ ಡೈನೀಮಾ ಎಂಬ ಕೃತಕ ನಾರಿನ ಹಗ್ಗದ ತುಂಡೊಂದಿದೆ. ಅದರ ಎರಡು ತುದಿಗೂ ಗಂಟು ಹಾಕಿ ಉದ್ದದ ಬ್ರಿಡ್ಜ್ ಮಾಡಿಕೊಳ್ಳಬಹುದೇ?

ಹಗ್ಗದ ಕೆಲಸ, ಆರೆಗಾನ್:

ದಯವಿಟ್ಟು ಬೇಡ. ಡೈನೀಮಾ ಉಕ್ಕಿನಷ್ಟು ಬಲವಾದರೂ ಬಹಳ ನುಣುಪು, ಸಾಮಾನ್ಯ ಗಂಟು ಅದರಲ್ಲಿ ಜಾರುತ್ತದೆ. ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಉಜ್ಜಿದ ಬಿಸಿಯೂ ಅದಕ್ಕೆ ಶತ್ರು. ಅದನ್ನು ಹೆಣೆದು ಹೊಲಿದು ಜೋಡಿಸಬೇಕು, ಆ ಕೈಚಳಕ ಕಲಿತವರು ಮಾಡಿದ್ದನ್ನೇ ಕೊಳ್ಳಿ. ಬ್ರಿಡ್ಜ್ ಕೈಕೊಟ್ಟರೆ ಹಿಡಿಯಲು ಸಾಮಾನ್ಯವಾಗಿ ಇನ್ನೊಂದು ಹಗ್ಗ ಇರುವುದಿಲ್ಲ.

ಬದಲಿಸಬಹುದಾದದ್ದು ಬಂದ ಮೇಲೆ ಬಿಡಿ ತುದಿಯಲ್ಲಿ ತಡೆಗಂಟು ಇರಲೇಬೇಕು. ಭಾರವಿರುವಾಗ ಉದ್ದ ಬದಲಿಸಬೇಡಿ, ಪ್ಲಾಟ್‌ಫಾರ್ಮ್ ಮೇಲೆ ಎದ್ದು ನಿಂತು ಹಗ್ಗ ಸಡಿಲವಾದ ಮೇಲೆ ಬದಲಿಸಿ. ಮರ ಹತ್ತುವ ಮುನ್ನ ಎರಡು ಜಾಗ ಬೆರಳಿಂದ ಸವರಿ ನೋಡಿ: ಕುಣಿಕೆಯೊಳಗೆ ಹಗ್ಗ ಬಾಗುವಲ್ಲಿ, ಕ್ಯಾರಬೈನರ್ ಉಜ್ಜುವ ನಡುಭಾಗದಲ್ಲಿ. ಎಳೆ ಎದ್ದು ಜುಂಗಾಗಿ ಕಂಡರೆ, ಬಿರುಸಾಗಿ ಗಾಜಿನಂತೆ ಹೊಳೆದರೆ, ಆ ದಿನ ನೆಲದಲ್ಲೇ ಕೂತು ಕಾಯಿರಿ.